ಫಾರ್ಮ್ಯಾಟ್ ಆಗಲೊಲ್ಲದ ಕಾರ್ಡು

ಮೆಮೊರಿ ಕಾರ್ಡಿನ ಕಾಯಿಲೆಗಳಲ್ಲಿ ತಲೆ ಕೆಡಿಸುವಂಥದ್ದು ಒಂದಿದೆ. ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಫಾರ್ಮ್ಯಾಟ್ ಕೊಟ್ಟರೆ ಹಸಿರು ಪಟ್ಟಿ ಕೊನೆಯವರೆಗೂ ಓಡುತ್ತದೆ. ‘ಫಾರ್ಮ್ಯಾಟ್ ಕಂಪ್ಲೀಟ್’ ಎಂದೂ ಬರುತ್ತದೆ. ತೆರೆದು ನೋಡಿದರೆ ಖಾಲಿ. ಸದ್ಯ ಮುಗಿಯಿತಲ್ಲ ಎಂದು ಕಾರ್ಡನ್ನು ಹೊರಗೆ ತೆಗೆದು ಮತ್ತೊಮ್ಮೆ ಹಾಕಿದರೆ, ಹೋದ ವರ್ಷದ ಗೃಹಪ್ರವೇಶದ ಫೋಟೋಗಳು, ವಾಟ್ಸ್‌ಆ್ಯಪ್‌ನ ಶುಭೋದಯದ ಚಿತ್ರಗಳು, ಮೊಬೈಲ್ ಅಂಗಡಿಯಲ್ಲಿ ತುಂಬಿಸಿಕೊಂಡ ಹಾಡುಗಳು ಎಲ್ಲವೂ ಇದ್ದಲ್ಲೇ ಇವೆ! ಒಂದೊಂದಾಗಿ ಡಿಲೀಟ್ ಮಾಡಿದರೂ ಅದೇ ಕತೆ. ವೈರಸ್ ಹೊಕ್ಕಿರಬೇಕು ಎಂದು ಆ್ಯಂಟಿವೈರಸ್ ಓಡಿಸುತ್ತಾರೆ, ಕಂಪ್ಯೂಟರ್ ಬದಲಿಸಿ ನೋಡುತ್ತಾರೆ, ಕೊನೆಗೆ ಹಣೆಬರಹ ಎಂದು ಸುಮ್ಮನಾಗುತ್ತಾರೆ.

ಇದು ಒಂದು ತುದಿ. ಇನ್ನೊಂದು ತುದಿಯಲ್ಲಿ, ಅಡಾಪ್ಟರಿನ ಪಕ್ಕದ ಲಾಕ್ ಚೂರೇ ಚೂರು ಕೆಳಗೆ ಜಾರಿದ್ದರೂ ಕಾರ್ಡು ಫಾರ್ಮ್ಯಾಟ್ ಆಗುವುದಿಲ್ಲ. ಇವೆರಡರ ನಡುವೆ ಹತ್ತಾರು ಕಾರಣಗಳಿವೆ. ತೊಂದರೆಯೆಂದರೆ, ಕಾರಣ ಯಾವುದೇ ಇರಲಿ, ವಿಂಡೋಸ್ ಹೇಳುವುದು ಎರಡೋ ಮೂರೋ ಸಿದ್ಧ ವಾಕ್ಯ: ‘ವಿಂಡೋಸ್ ವಾಸ್ ಅನೇಬಲ್ ಟು ಕಂಪ್ಲೀಟ್ ದ ಫಾರ್ಮ್ಯಾಟ್’ ಅಥವಾ ‘ದ ಡಿಸ್ಕ್ ಈಸ್ ರೈಟ್ ಪ್ರೊಟೆಕ್ಟೆಡ್’. ಅದರಿಂದ ದೋಷ ರೀಡರಿನದೋ, ಕಂಪ್ಯೂಟರಿನದೋ, ಕಾರ್ಡಿನದೋ ತಿಳಿಯುವುದಿಲ್ಲ. ಅದನ್ನು ನಾವೇ ಸೋಸಿ ತೆಗೆಯಬೇಕು. ಸೋಸುವುದಕ್ಕೊಂದು ಕ್ರಮವಿದೆ. ಆ ಕ್ರಮ ತಪ್ಪಿದರೆ, ಉಳಿಯಬಹುದಾಗಿದ್ದ ಫೋಟೋಗಳನ್ನು ನಾವೇ ಕೈಯಾರೆ ಕಳೆದುಕೊಳ್ಳುತ್ತೇವೆ.

ಒಳಗಿರುವುದು ಬೇಕೋ, ಬೇಡವೋ?

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಕಾರ್ಡು ಹಾಕಿದ ತಕ್ಷಣ ‘ಈ ಡಿಸ್ಕ್ ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು’ ಎಂದು ವಿಂಡೋಸ್ ಕೇಳಿದರೆ ಬಹಳ ಮಂದಿ ಹಿಂದುಮುಂದು ನೋಡದೆ ಒತ್ತಿಬಿಡುತ್ತಾರೆ. ಒಳಗೆ ಬೇಕಾದದ್ದು ಇದ್ದರೆ ಒತ್ತಬೇಕಾದದ್ದು ‘ಕ್ಯಾನ್ಸಲ್’. ಆ ಸಂದೇಶದ ಅರ್ಥ ಇಷ್ಟೇ: ಕಾರ್ಡಿನಲ್ಲಿ ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ ಕಂಪ್ಯೂಟರಿಗೆ ಓದಲು ಬರುತ್ತಿಲ್ಲ. ಬರೆಯುತ್ತಿರುವಾಗ ಕಾರ್ಡು ಎಳೆದಿದ್ದರೋ, ಕ್ಯಾಮೆರಾದ ಬ್ಯಾಟರಿ ನಡುವೆ ಸತ್ತಿದ್ದರೋ ಈ ಪಟ್ಟಿ ಹಾಳಾಗುತ್ತದೆ. ಫೋಟೋಗಳು ಹಾಳಾಗಿರಲೇಬೇಕೆಂದಿಲ್ಲ.

ಮಾಮೂಲಿ ‘ಕ್ವಿಕ್ ಫಾರ್ಮ್ಯಾಟ್’ ಮಾಡುವುದೂ ಆ ಪಟ್ಟಿಯನ್ನು ಹೊಸದಾಗಿ ಬರೆಯುವ ಕೆಲಸವನ್ನೇ. ಪಹಣಿಯಲ್ಲಿ ಹೆಸರು ತೆಗೆದ ಮಾತ್ರಕ್ಕೆ ಹೊಲ ಎಲ್ಲಿಗೂ ಹೋಗುವುದಿಲ್ಲವಲ್ಲ, ಹಾಗೆಯೇ ಇಲ್ಲೂ ಫೈಲ್‌ಗಳು ಇದ್ದಲ್ಲೇ ಇರುತ್ತವೆ. ಆ ಜಾಗಕ್ಕೆ ಬೇರೇನಾದರೂ ಬರೆದಾಗ ಮಾತ್ರ ಅಳಿಯುತ್ತವೆ. ‘ಕ್ವಿಕ್’ ಎಂಬಲ್ಲಿನ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಕೊಟ್ಟರೆ ಮಾತು ಬೇರೆ. ವಿಂಡೋಸ್ ವಿಸ್ಟಾದಿಂದ ಈಚೆಗೆ ಪೂರ್ತಿ ಫಾರ್ಮ್ಯಾಟ್ ಎಂದರೆ ಉದ್ದಕ್ಕೂ ಸೊನ್ನೆ ಬರೆಯುವುದು. ಅದಾದ ಮೇಲೆ ಯಾವ ಸಾಫ್ಟ್‌ವೇರ್ ತಂದರೂ ಫೋಟೋ ಮರಳುವುದಿಲ್ಲ.

ಪಟ್ಟಿ ಹಾಳಾದ ಕಾರ್ಡಿನಿಂದ ಫೋಟೋ ಎತ್ತಲು ‘ಫೋಟೋರೆಕ್’ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಕ್ರಿಸ್ಟೋಫ್ ಗ್ರೆನಿಯೆ ಬರೆದದ್ದು. ಅದು ಪಟ್ಟಿಯ ಗೊಡವೆಗೇ ಹೋಗುವುದಿಲ್ಲ. ಕಾರ್ಡನ್ನು ಉದ್ದಕ್ಕೂ ಓದುತ್ತಾ ಜೆಪೆಗ್ ಚಿತ್ರ ಎಲ್ಲಿ ಶುರುವಾಗುತ್ತದೆ, ವಿಡಿಯೊ ಎಲ್ಲಿ ಶುರುವಾಗುತ್ತದೆ ಎಂಬ ಗುರುತು ಹಿಡಿದು ಎತ್ತಿಕೊಡುತ್ತದೆ. ಫೈಲಿನ ಹಳೆಯ ಹೆಸರು ಸಿಗುವುದಿಲ್ಲ, ಚಿತ್ರ ಸಿಗುತ್ತದೆ. ಒಂದೇ ಎಚ್ಚರ: ಎತ್ತಿದ್ದನ್ನು ಕಂಪ್ಯೂಟರಿನಲ್ಲಿ ಉಳಿಸಬೇಕು, ಅದೇ ಕಾರ್ಡಿಗೆ ಮರಳಿ ಹಾಕಬಾರದು. ವಿಂಡೋಸಿನ ‘ಚೆಕ್‌ಡಿಸ್ಕ್’ ಓಡಿಸಿ ರಿಪೇರಿ ಮಾಡುವ ಆತುರವೂ ಈ ಹಂತದಲ್ಲಿ ಬೇಡ. ಅದು ಪಟ್ಟಿಯನ್ನು ತನಗೆ ತೋಚಿದಂತೆ ಸರಿಪಡಿಸುತ್ತದೆ. ಅಲ್ಲಿಗೆ ಹೊಂದದ ಚೂರುಗಳನ್ನು ಹೆಸರಿಲ್ಲದ ಫೈಲ್‌ಗಳಾಗಿ ಗುಡ್ಡೆ ಹಾಕುತ್ತದೆ.

ಲಾಕ್, ಅಡಾಪ್ಟರ್, ರೀಡರ್

ಬೇಕಾದದ್ದು ಹೊರಗೆ ಬಂತು, ಅಥವಾ ಬೇಕಾದದ್ದೇನೂ ಇಲ್ಲ. ಈಗ ರಿಪೇರಿಗೆ ಕೈ ಹಾಕಬಹುದು. ದುಡ್ಡು ಖರ್ಚಿಲ್ಲದ ಕಡೆಯಿಂದ ಶುರು ಮಾಡೋಣ.

ದೊಡ್ಡ ಎಸ್‌ಡಿ ಕಾರ್ಡಿನ ಎಡ ಅಂಚಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಲಾಕ್ ಇರುತ್ತದೆ. ಮೊಬೈಲಿನ ಉಗುರಗಲದ ಮೈಕ್ರೋ ಎಸ್‌ಡಿಗೆ ಈ ಲಾಕ್ ಇಲ್ಲ, ಆದರೆ ಅದನ್ನು ಕೂರಿಸುವ ಅಡಾಪ್ಟರಿಗೆ ಇರುತ್ತದೆ. ಈ ಲಾಕಿನ ಸ್ವಾರಸ್ಯವೆಂದರೆ, ಕಾರ್ಡಿನ ಒಳಗಿನ ಯಾವ ತಂತಿಗೂ ಅದರ ಸಂಪರ್ಕವಿಲ್ಲ. ಲಾಕ್ ಮೇಲಿದೆಯೋ ಕೆಳಗಿದೆಯೋ ಎಂಬುದು ಕಾರ್ಡಿಗೇ ಗೊತ್ತಿರುವುದಿಲ್ಲ. ರೀಡರಿನ ಒಳಗಿರುವ ಒಂದು ಸಣ್ಣ ಸ್ವಿಚ್ ಆ ಜಾಗವನ್ನು ಮುಟ್ಟಿ ನೋಡುತ್ತದೆ. ಅಲ್ಲಿ ಲಾಕ್ ತಗುಲಿದರೆ ‘ಬರೆಯಬಹುದು’, ಬರೀ ಕಚ್ಚು ಸಿಕ್ಕರೆ ‘ಬರೆಯುವಂತಿಲ್ಲ’ ಎಂದು ಕಂಪ್ಯೂಟರಿಗೆ ವರದಿ ಮಾಡುತ್ತದೆ. ಹಾಗಾಗಿ ಅಡಾಪ್ಟರ್ ಹಳತಾಗಿ ಲಾಕ್ ಸಡಿಲಗೊಂಡಿದ್ದರೆ, ನೀವು ಅದನ್ನು ಮೇಲಕ್ಕೆ ತಳ್ಳಿಯೇ ಹಾಕಿದರೂ ಒಳಗೆ ಹೋಗುವಾಗ ತಿಕ್ಕಿಕೊಂಡು ಕೆಳಗೆ ಜಾರುತ್ತದೆ. ಲಾಕ್ ಮುರಿದು ಬಿದ್ದೇಹೋಗಿದ್ದರೆ ರೀಡರಿನ ಪಾಲಿಗೆ ಆ ಕಾರ್ಡು ಸದಾ ಲಾಕ್. ಅಂಥ ಕಡೆ ಫೋಟೋ ಸ್ಟುಡಿಯೊದವರು ಮಾಡುವ ಉಪಾಯ ಒಂದಿದೆ: ಕಚ್ಚಿನ ಜಾಗಕ್ಕೆ ತೆಳ್ಳಗಿನ ಸೆಲ್ಲೋಟೇಪ್ ಚೂರೊಂದನ್ನು ಬಿಗಿಯಾಗಿ ಸುತ್ತುವುದು. ಟೇಪು ಹಿಂಬದಿಯ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಬರಕೂಡದು, ದಪ್ಪವಾಗಿ ರೀಡರಿನೊಳಗೆ ಸಿಕ್ಕಿಕೊಳ್ಳಲೂಬಾರದು. ಮೈಕ್ರೋ ಎಸ್‌ಡಿ ಆದರೆ ಇಷ್ಟು ಸರ್ಕಸ್ಸೂ ಬೇಡ, ಹೊಸ ಅಡಾಪ್ಟರ್ ಹಾಕಿದರಾಯಿತು.

ಆಮೇಲೆ ಆ ಚಿನ್ನದ ಬಣ್ಣದ ಪಟ್ಟಿಗಳತ್ತ ನೋಡಿ. ಮಾಮೂಲಿ ಎಸ್‌ಡಿ ಕಾರ್ಡಿನಲ್ಲಿ 9, ಮೈಕ್ರೋ ಎಸ್‌ಡಿಯಲ್ಲಿ 8 ಇರುತ್ತವೆ. ಇವುಗಳಲ್ಲಿ ಒಂದಕ್ಕೆ ಬೆವರು, ಎಣ್ಣೆಜಿಡ್ಡು ಮೆತ್ತಿದರೂ ಕಾರ್ಡು ಒಮ್ಮೆ ಕಾಣುತ್ತದೆ, ಒಮ್ಮೆ ಮಾಯವಾಗುತ್ತದೆ, ಫಾರ್ಮ್ಯಾಟ್ ಅರ್ಧಕ್ಕೆ ನಿಲ್ಲುತ್ತದೆ. ಪೆನ್ಸಿಲ್ ಅಳಿಸುವ ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಐಸೊಪ್ರೊಪೈಲ್ ಆಲ್ಕೋಹಾಲ್ ಇದ್ದರೆ ಇನ್ನೂ ಒಳ್ಳೆಯದು. ಬಾಯಿಂದ ಉಫ್ ಎಂದು ಊದಿ ಪಂಚೆಯ ಅಂಚಿನಲ್ಲಿ ತಿಕ್ಕುವುದು ಬೇಡ.

ಇಷ್ಟಾದ ಮೇಲೆ ರೀಡರ್ ಬದಲಿಸಿ ನೋಡಿ. ಬೀದಿಬದಿಯಲ್ಲಿ ಸಿಗುವ ಅಗ್ಗದ ಯುಎಸ್‌ಬಿ ರೀಡರುಗಳು ಕಾರ್ಡಿಗಿಂತ ಮೊದಲೇ ಸಾಯುವುದು ಅಪರೂಪವಲ್ಲ. ಹಳೆಯ ಲ್ಯಾಪ್‌ಟಾಪಿನ ರೀಡರಿಗೆ ಇನ್ನೊಂದು ಮಿತಿಯಿದೆ. ಸ್ಯಾನ್‌ಡಿಸ್ಕ್, ಪ್ಯಾನಸಾನಿಕ್, ತೋಷಿಬಾ ಕಂಪನಿಗಳು 1999ರಲ್ಲಿ ಎಸ್‌ಡಿ ಕಾರ್ಡನ್ನು ತಂದ ಮೇಲೆ ಅದು ತಲೆಮಾರುಗಳಾಗಿ ಬೆಳೆದಿದೆ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ 32 ಜಿಬಿವರೆಗೆ. 2009ರಲ್ಲಿ ಪ್ರಕಟವಾದ ಎಸ್‌ಡಿಎಕ್ಸ್‌ಸಿ ಅಲ್ಲಿಂದ 2 ಟಿಬಿವರೆಗೆ. ಎಸ್‌ಡಿಎಚ್‌ಸಿ ಕಾಲದ ರೀಡರಿಗೆ 64 ಅಥವಾ 128 ಜಿಬಿಯ ಕಾರ್ಡು ಹಾಕಿದರೆ ಅದು ಕಾಣದೆಯೂ ಹೋಗಬಹುದು, ತಪ್ಪು ಅಳತೆಯೂ ಕಾಣಬಹುದು. ಯಾವ ತಲೆಮಾರಿನ ಕಾರ್ಡು ಎಂಬುದು ಕಾರ್ಡಿನ ಮೇಲೇ ಅಚ್ಚಾಗಿರುತ್ತದೆ. ಕ್ಯಾಮೆರಾದಲ್ಲೋ ಫೋನಿನಲ್ಲೋ ಸಲೀಸಾಗಿ ಫಾರ್ಮ್ಯಾಟ್ ಆಗುವ ಕಾರ್ಡು ಕಂಪ್ಯೂಟರಿನಲ್ಲಿ ಮಾತ್ರ ಆಗುತ್ತಿಲ್ಲವೆಂದರೆ ಕಾರ್ಡಿನ ಮೇಲೆ ಅನುಮಾನ ಬಿಡಿ, ದೋಷ ಕಂಪ್ಯೂಟರಿನ ಕಡೆಯದು.

ಕಂಪ್ಯೂಟರಿನ ಕಟ್ಟುಪಾಡು

ಕಂಪ್ಯೂಟರಿನ ಕಡೆ ಮೊದಲು ನೋಡಬೇಕಾದದ್ದು, ಕಾರ್ಡನ್ನು ಬೇರೆ ಯಾರಾದರೂ ಹಿಡಿದುಕೊಂಡಿದ್ದಾರೆಯೇ ಎಂದು. ಕಾರ್ಡಿನಲ್ಲಿರುವ ಒಂದು ಫೋಟೋ ತೆರೆದೇ ಇದ್ದರೂ, ಆ್ಯಂಟಿವೈರಸ್ ಹಿನ್ನೆಲೆಯಲ್ಲಿ ತಡಕಾಡುತ್ತಿದ್ದರೂ ಫಾರ್ಮ್ಯಾಟ್ ಮುಗ್ಗರಿಸಬಹುದು. ಎಲ್ಲ ಮುಚ್ಚಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಮತ್ತೆ ಕೊಟ್ಟರೆ ಇಂಥದ್ದು ಬಗೆಹರಿಯುತ್ತದೆ. ಆಫೀಸಿನ ಲ್ಯಾಪ್‌ಟಾಪ್ ಆದರೆ, ಹೊರಗಿನ ಕಾರ್ಡು, ಪೆನ್‌ಡ್ರೈವ್‌ಗಳಿಗೆ ಏನೂ ಬರೆಯದಂತೆ ಕಂಪನಿಯವರೇ ಕಟ್ಟಿಹಾಕಿರುವುದುಂಟು. ಅಲ್ಲಿಯೂ ಬರುವುದು ಅದೇ ‘ರೈಟ್ ಪ್ರೊಟೆಕ್ಟೆಡ್’. ಅಲ್ಲಿ ಗುದ್ದಾಡದೆ ಮನೆಯ ಕಂಪ್ಯೂಟರಿನಲ್ಲಿ ಪ್ರಯತ್ನಿಸುವುದು ಮೇಲು.

ಅಷ್ಟಕ್ಕೂ ಬಗ್ಗದಿದ್ದರೆ ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ‘ದಿಸ್ ಪಿಸಿ’ಯಲ್ಲಿ ಕಾಣದ ಸಂಗತಿಗಳು ಇಲ್ಲಿ ಕಾಣುತ್ತವೆ. ಕಾರ್ಡಿನ ಎದುರು ‘ರಾ’ ಎಂದಿದ್ದರೆ ಪಟ್ಟಿ ಹಾಳಾಗಿದೆ, ಕಾರ್ಡು ಬಹುಶಃ ಚೆನ್ನಾಗಿಯೇ ಇದೆ. ‘ಅನ್‌ಅಲೊಕೇಟೆಡ್’ ಎಂದಿದ್ದರೆ ಪಾರ್ಟಿಷನ್, ಅಂದರೆ ಜಾಗದ ವಿಂಗಡಣೆಯೇ ಇಲ್ಲ. ಬಲಗುಂಡಿ ಒತ್ತಿ ಹೊಸದು ಮಾಡಿದರೆ ಮುಗಿಯಿತು. ಕಾರ್ಡು ಕಂಡೂ ಡ್ರೈವಿನ ಅಕ್ಷರ ಇಲ್ಲದಿದ್ದರೆ ಒಂದು ಅಕ್ಷರ ಕೊಡಿ. ‘ನೋ ಮೀಡಿಯಾ’ ಎಂದಿದ್ದರೆ ರೀಡರ್ ಕಾಣುತ್ತಿದೆ, ಕಾರ್ಡು ಕಾಣುತ್ತಿಲ್ಲ. 32 ಜಿಬಿ ಕಾರ್ಡು ಕೆಲವೇ ಎಂಬಿ ಎಂದು ತೋರಿಸಿದರೆ ಮತ್ತು ಬೇರೆ ರೀಡರಿನಲ್ಲೂ ಅದೇ ಅಳತೆ ಬಂದರೆ, ಕಾರ್ಡಿನೊಳಗಿನ ಕಂಟ್ರೋಲರ್ ಚಿಪ್ ಕೈಕೊಟ್ಟಿದೆ ಎಂದುಕೊಳ್ಳಬೇಕು.

ಇದೇ ಪರದೆಯಲ್ಲಿ ಮೂರ್ನಾಲ್ಕು ಭಾಗಗಳಾಗಿ ಹಂಚಿಹೋದ ಕಾರ್ಡುಗಳೂ ಕಾಣಸಿಗುತ್ತವೆ. ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಪ್ರಾಜೆಕ್ಟಿಗೆ ಬಳಸಿದ ಕಾರ್ಡಿನಲ್ಲಿ ವಿಂಡೋಸಿಗೆ ಓದಲು ಬರುವುದು ಮುಂದಿನ ಒಂದು ಸಣ್ಣ ಭಾಗ ಮಾತ್ರ, ಉಳಿದದ್ದು ಲಿನಕ್ಸ್‌ನದು. ‘ಫಾರ್ಮ್ಯಾಟ್ ಮಾಡಿದರೂ 64 ಜಿಬಿಯಲ್ಲಿ ಚೂರೇ ಸಿಗುತ್ತಿದೆ’ ಎಂದು ಎಂಜಿನಿಯರಿಂಗ್ ಹುಡುಗರು ಗೊಣಗುವುದು ಇದಕ್ಕೇ. ಫೋನಿನ ಕಾರ್ಡುಗಳಲ್ಲೂ ಇಂಥದ್ದೊಂದಿದೆ. 2015ರ ಆಂಡ್ರಾಯ್ಡ್ 6ರಿಂದ, ಕಾರ್ಡನ್ನು ಫೋನಿನದೇ ಸ್ಟೋರೇಜ್ ಆಗಿ ಸೇರಿಸಿಕೊಳ್ಳುವ ಅವಕಾಶ ಬಂತು. ಹಾಗೆ ಸೇರಿಸಿದರೆ ಕಾರ್ಡಿನಲ್ಲಿರುವುದೆಲ್ಲ ಗೂಢಲಿಪಿಯಾಗುತ್ತದೆ, ಅದರ ಕೀಲಿ ಆ ಫೋನಿನಲ್ಲೇ ಇರುತ್ತದೆ. ಅಂಥ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ ‘ಫಾರ್ಮ್ಯಾಟ್ ಮಾಡಬೇಕೇ’ ಎಂಬ ಪ್ರಶ್ನೆ ಬರಬಹುದು. ಒಳಗಿನದು ಬೇಕಿದ್ದರೆ ಅದನ್ನು ಅದೇ ಫೋನಿನಲ್ಲಿಟ್ಟೇ ತೆಗೆಯಬೇಕು, ಬೇರೆ ದಾರಿಯಿಲ್ಲ. ಹಳೆಯ ನೋಕಿಯಾ ಸಿಂಬಿಯನ್ ಫೋನುಗಳಲ್ಲಂತೂ ಕಾರ್ಡಿಗೇ ಪಾಸ್‌ವರ್ಡ್ ಹಾಕಬಹುದಿತ್ತು. ಆ ಪಾಸ್‌ವರ್ಡ್ ಕಾರ್ಡಿನೊಳಗೇ ಕೂತಿರುತ್ತದೆ, ಕಂಪ್ಯೂಟರ್ ಅದನ್ನು ಕೇಳುವುದೂ ಇಲ್ಲ, ತೆರೆಯುವುದೂ ಇಲ್ಲ.

32 ಜಿಬಿಯ ಗೋಡೆ

ನಮ್ಮ ಹಳ್ಳಿಗಳಲ್ಲಿ ಹೆಚ್ಚು ಕಾಣುವ ತಕರಾರು ಮಾತ್ರ ಇನ್ನೊಂದು. ಟ್ರ್ಯಾಕ್ಟರಿನ ಟೇಪಿಗೋ, ಕೈಯಲ್ಲಿ ಹಿಡಿದು ಹೊಲಕ್ಕೆ ಒಯ್ಯುವ ಸ್ಪೀಕರಿಗೋ 64 ಜಿಬಿಯ ಕಾರ್ಡು ತಂದು ಹಾಡು ತುಂಬಿಸಿದರೆ ಅದು ಹಾಡುವುದೇ ಇಲ್ಲ. ಫೈಲ್‌ಗಳ ಪಟ್ಟಿ ಇಡುವುದಕ್ಕೆ ಆ ಟೇಪಿಗೆ ಗೊತ್ತಿರುವುದು ಫ್ಯಾಟ್32 ಎಂಬ ಹಳೆಯ ಪದ್ಧತಿ. 32 ಜಿಬಿ ಮೀರಿದ ಕಾರ್ಡುಗಳು ಬರುವುದು ಎಕ್ಸ್‌ಫ್ಯಾಟ್ ಪದ್ಧತಿಯಲ್ಲಿ, ಎಸ್‌ಡಿಎಕ್ಸ್‌ಸಿ ನಿಯಮವೇ ಹಾಗಿದೆ. ಸರಿ, ಫ್ಯಾಟ್32ಕ್ಕೆ ಬದಲಿಸೋಣವೆಂದು ಕಂಪ್ಯೂಟರಿಗೆ ಹಾಕಿದರೆ ಫಾರ್ಮ್ಯಾಟ್ ಪಟ್ಟಿಯಲ್ಲಿ ಫ್ಯಾಟ್32 ಎಂಬ ಆಯ್ಕೆಯೇ ಇಲ್ಲ. ‘ಫಾರ್ಮ್ಯಾಟ್ ಆಗ್ತಿಲ್ಲ’ ಎಂಬ ದೂರು ಇಲ್ಲಿಂದಲೂ ಹುಟ್ಟುತ್ತದೆ.

ಹಾಗೆಂದು ಫ್ಯಾಟ್32ಕ್ಕೆ 64 ಜಿಬಿ ಹೊರುವ ಶಕ್ತಿ ಇಲ್ಲವೆಂದಲ್ಲ. ಅದು 2 ಟಿಬಿವರೆಗೂ ಹೊರುತ್ತದೆ. 32ರ ಗೋಡೆ ಕಟ್ಟಿದ್ದು ವಿಂಡೋಸಿನ ಆ ಪುಟ್ಟ ಫಾರ್ಮ್ಯಾಟ್ ಕಿಟಕಿ. ಅದನ್ನು 1994ರ ಒಂದು ಬೆಳಿಗ್ಗೆ ಬರೆದವರು ಮೈಕ್ರೋಸಾಫ್ಟಿನಲ್ಲಿದ್ದ ಡೇವ್ ಪ್ಲಮ್ಮರ್. ಅದು ಸದ್ಯಕ್ಕೆಂದು ಮಾಡಿದ ಕಿಟಕಿ, ಚೆಂದದ್ದು ಬರುವವರೆಗೆ ಇರಲಿ ಎಂದುಕೊಂಡಿದ್ದೆ, 32 ಜಿಬಿಯ ಮಿತಿಯೂ ಆ ಬೆಳಿಗ್ಗೆ ತಾನೇ ಗೊತ್ತುಮಾಡಿದ್ದು ಎಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಆ ಕಾಲಕ್ಕೆ 32 ಜಿಬಿಯ ಕಾರ್ಡು ಯಾರ ಕನಸಿನಲ್ಲೂ ಇರಲಿಲ್ಲ. ಮೂವತ್ತು ವರ್ಷ ಕಳೆದು, 2024ರ ಆಗಸ್ಟಿನಲ್ಲಿ, ಮೈಕ್ರೋಸಾಫ್ಟ್ ವಿಂಡೋಸ್ 11ರ ಪರೀಕ್ಷಾ ಆವೃತ್ತಿಯೊಂದರಲ್ಲಿ ಈ ಮಿತಿಯನ್ನು 2 ಟಿಬಿಗೆ ಏರಿಸಿತು. ಅದೂ ಕಮಾಂಡ್ ಬರೆದು ಫಾರ್ಮ್ಯಾಟ್ ಮಾಡುವವರಿಗೆ ಮಾತ್ರ. ಉಳಿದವರಿಗೆ ಬೇರೆಯವರು ಮಾಡಿದ ಉಚಿತ ಫ್ಯಾಟ್32 ಫಾರ್ಮ್ಯಾಟರುಗಳಿವೆ. ಹಾಡಿಗಷ್ಟೇ ಕಾರ್ಡು ಬೇಕೆನ್ನುವವರು 32 ಜಿಬಿಯದನ್ನೇ ಕೊಂಡರೆ ಈ ಗೋಳೇ ಇರುವುದಿಲ್ಲ. ಕ್ಯಾಮೆರಾದವರಿಗೆ ಎಕ್ಸ್‌ಫ್ಯಾಟೇ ಸರಿ, ಏಕೆಂದರೆ ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ, ಮದುವೆಯ ವಿಡಿಯೊ ತುಂಡುತುಂಡಾಗುತ್ತದೆ.

ವಿಂಡೋಸಿನ ಕಿಟಕಿಯಲ್ಲಿ ಆಗದ್ದು ಎಸ್‌ಡಿ ಅಸೋಸಿಯೇಷನ್‌ನ ‘ಎಸ್‌ಡಿ ಮೆಮೊರಿ ಕಾರ್ಡ್ ಫಾರ್ಮ್ಯಾಟರ್’ನಲ್ಲಿ ಎಷ್ಟೋ ಸಲ ಆಗಿಬಿಡುತ್ತದೆ. ಕಾರ್ಡಿನ ಮಾನದಂಡ ರೂಪಿಸುವ ಸಂಸ್ಥೆಯೇ ಉಚಿತವಾಗಿ ಕೊಡುವ ಸಾಫ್ಟ್‌ವೇರ್ ಇದು. ವಿಂಡೋಸ್, ಮ್ಯಾಕ್ ಎರಡಕ್ಕೂ ಸಿಗುತ್ತದೆ. ಕಾರ್ಡಿನ ಜಾತಿ ನೋಡಿ ತಕ್ಕ ಪದ್ಧತಿಯನ್ನು ತಾನೇ ಆರಿಸಿಕೊಳ್ಳುತ್ತದೆ, ಚೂರುಚೂರಾದ ಪಾರ್ಟಿಷನ್‌ಗಳನ್ನೂ ಒಂದುಗೂಡಿಸುತ್ತದೆ. ಮ್ಯಾಕ್‌ನ ಡಿಸ್ಕ್ ಯುಟಿಲಿಟಿಯನ್ನೇ ಬಳಸುವವರು ‘ಷೋ ಆಲ್ ಡಿವೈಸಸ್’ ಕೊಟ್ಟು ಇಡೀ ಕಾರ್ಡನ್ನು ಆರಿಸಿ, ಸ್ಕೀಮ್ ಎಂಬಲ್ಲಿ ‘ಮಾಸ್ಟರ್ ಬೂಟ್ ರೆಕಾರ್ಡ್’ ಇಟ್ಟುಕೊಳ್ಳಬೇಕು. ಬೇರೆಯದು ಇಟ್ಟರೆ ಕ್ಯಾಮೆರಾ ಗುರುತಿಸದೇ ಇರಬಹುದು.

ಕೊನೆಯ ಅಸ್ತ್ರ

ಎಲ್ಲರೂ ಹೇಳಿಕೊಡುವ ಕೊನೆಯ ಅಸ್ತ್ರ ‘ಡಿಸ್ಕ್‌ಪಾರ್ಟ್’. ಕಪ್ಪು ಪರದೆಯಲ್ಲಿ ಕಮಾಂಡ್ ಬರೆದು ನಡೆಸುವುದು. ‘ಲಿಸ್ಟ್ ಡಿಸ್ಕ್’ ಎಂದರೆ ಕಂಪ್ಯೂಟರಿನಲ್ಲಿರುವ ಎಲ್ಲ ಡಿಸ್ಕುಗಳ ಪಟ್ಟಿ ಬರುತ್ತದೆ. ಅಳತೆ ನೋಡಿ ಕಾರ್ಡು ಯಾವುದೆಂದು ಖಚಿತ ಮಾಡಿಕೊಂಡು ‘ಸೆಲೆಕ್ಟ್ ಡಿಸ್ಕ್’ ಜೊತೆಗೆ ಅದರ ಸಂಖ್ಯೆ ಕೊಡಬೇಕು. ಕಾಲ ನೆಟ್ಟಗಿಲ್ಲದಿದ್ದರೆ ಅನಾಹುತ ಆಗುವುದು ಇಲ್ಲಿಯೇ. ಸಾಮಾನ್ಯವಾಗಿ ಸೊನ್ನೆ ಎಂಬುದು ಕಂಪ್ಯೂಟರಿನದೇ ಡಿಸ್ಕು. ವಿಂಡೋಸ್ ಇರುವ ಡಿಸ್ಕನ್ನು ಮುಂದಿನ ‘ಕ್ಲೀನ್’ ಕಮಾಂಡ್ ಮುಟ್ಟುವುದಿಲ್ಲ, ಆದರೆ ತಪ್ಪಿ ಬೇರಾವುದಾದರೂ ಡಿಸ್ಕನ್ನು ಆರಿಸಿ ಅದನ್ನು ಕೊಟ್ಟರೆ ಕಾರ್ಡಿನ ಬದಲು ಆ ಡಿಸ್ಕೇ ಖಾಲಿ. ‘ಖಂಡಿತವೇ?’ ಎಂದು ಒಂದು ಮಾತೂ ಅದು ಕೇಳುವುದಿಲ್ಲ.

ಕ್ಲೀನ್‌ಗೂ ಮೊದಲು ‘ಆಟ್ರಿಬ್ಯೂಟ್ಸ್ ಡಿಸ್ಕ್’ ಎಂದು ಬರೆದು ನೋಡಿ. ಅಲ್ಲಿ ಬರುವ ಸಾಲುಗಳಲ್ಲಿ ಮೊದಲ ಎರಡು ಇಡೀ ಜಾತಕ ಹೇಳುತ್ತವೆ. ಒಂದು ‘ಕರೆಂಟ್ ರೀಡ್ ಓನ್ಲಿ ಸ್ಟೇಟ್’, ಇನ್ನೊಂದು ಬರೀ ‘ರೀಡ್ ಓನ್ಲಿ’. ಎರಡನೆಯದರ ಎದುರು ‘ಯೆಸ್’ ಇದ್ದರೆ ಅದು ವಿಂಡೋಸೇ ಹಾಕಿಕೊಂಡ ಗುರುತು. ‘ಆಟ್ರಿಬ್ಯೂಟ್ಸ್ ಡಿಸ್ಕ್ ಕ್ಲಿಯರ್ ರೀಡ್‌ಓನ್ಲಿ’ ಎಂದರೆ ಹೋಗುತ್ತದೆ, ಆಮೇಲೆ ಫಾರ್ಮ್ಯಾಟ್ ಆಗುತ್ತದೆ. ಎರಡನೆಯದು ‘ನೋ’ ಇದ್ದು ಮೊದಲನೆಯದು ಮಾತ್ರ ‘ಯೆಸ್’ ಎಂದಿದ್ದರೆ, ತಡೆ ಇರುವುದು ವಿಂಡೋಸಿನಾಚೆ. ಒಂದೋ ಲಾಕ್, ಒಂದೋ ರೀಡರ್, ಇಲ್ಲವೇ ಕಾರ್ಡೇ. ಲಾಕ್ ಮತ್ತು ರೀಡರ್ ಆಗಲೇ ಪರೀಕ್ಷೆಯಾಗಿದ್ದರೆ ಉಳಿಯುವುದು ಕಾರ್ಡು. ಆಗ ಎಷ್ಟು ಸಲ ಕ್ಲಿಯರ್ ಕೊಟ್ಟರೂ, ವಿಂಡೋಸಿನ ರಿಜಿಸ್ಟ್ರಿಯಲ್ಲಿ ಏನೇ ತಿದ್ದಿದರೂ ಪ್ರಯೋಜನವಿಲ್ಲ. ಅಂತರ್ಜಾಲದಲ್ಲಿ ಸಿಗುವ ‘ನೂರಕ್ಕೆ ನೂರು ರಿಪೇರಿ’ ಸಾಫ್ಟ್‌ವೇರುಗಳೂ ಇದನ್ನು ದಾಟಲಾರವು.

ಬರೆಯಲೊಲ್ಲೆ ಎಂಬ ಕಾರ್ಡು

ಕಾರ್ಡೇ ಯಾಕೆ ಒಲ್ಲೆ ಎನ್ನುತ್ತದೆ? ಉತ್ತರ ಅದರ ಒಳಗಿನ ಫ್ಲ್ಯಾಶ್ ಮೆಮೊರಿಯಲ್ಲಿದೆ. ತೋಷಿಬಾದಲ್ಲಿದ್ದ ಜಪಾನಿನ ಎಂಜಿನಿಯರ್ ಫುಜಿಯೊ ಮಸುವೊಕ ಅದನ್ನು 1984ರಲ್ಲಿ ಜಗತ್ತಿನ ಮುಂದಿಟ್ಟರು. ಇಂದಿನ ಕಾರ್ಡುಗಳಲ್ಲಿರುವ ನ್ಯಾಂಡ್ ಎಂಬ ಬಗೆ 1987ರದು. ಇದರಲ್ಲಿ ಮಾಹಿತಿ ನಿಲ್ಲುವುದು ಪುಟ್ಟ ಪುಟ್ಟ ಸೆಲ್ಲುಗಳಲ್ಲಿ, ಅವಾಹಕ ಪದರದ ನಡುವೆ ಸೆರೆಯಾದ ಎಲೆಕ್ಟ್ರಾನುಗಳ ರೂಪದಲ್ಲಿ. ಕರೆಂಟು ಇಲ್ಲದಿದ್ದರೂ ಅವು ವರ್ಷಗಟ್ಟಲೆ ಅಲ್ಲೇ ಇರುತ್ತವೆ. ಓದುವುದು ಸುಲಭ, ಸೆಲ್ಲಿಗೆ ಅದರಿಂದ ಹೆಚ್ಚು ನೋವಿಲ್ಲ. ಅಳಿಸುವುದು ಹಾಗಲ್ಲ. ರೀಡರ್ ಕೊಡುವ 3.3 ವೋಲ್ಟನ್ನು ಚಿಪ್ಪು ಒಳಗೊಳಗೇ 20 ವೋಲ್ಟಿನ ಆಸುಪಾಸಿಗೆ ಏರಿಸಿ, ಎಲೆಕ್ಟ್ರಾನುಗಳನ್ನು ಆ ಪದರ ದಾಟಿಸಿ ಹೊರಗೆಳೆಯಬೇಕು. ಅದೂ ಒಂದೊಂದೇ ಸೆಲ್ಲಿಗಲ್ಲ, ಲಕ್ಷಗಟ್ಟಲೆ ಸೆಲ್ಲುಗಳ ಇಡೀ ಬ್ಲಾಕಿಗೆ ಒಟ್ಟಿಗೇ. ಪ್ರತಿ ಸಲವೂ ಪದರ ಒಂದಿಷ್ಟು ಸವೆಯುತ್ತದೆ. ಸೆಲ್ಲಿಗೊಂದೇ ಬಿಟ್ ಇಡುತ್ತಿದ್ದ ಹಳೆಯ ಬಗೆಯ ಚಿಪ್ಪು ಲಕ್ಷದ ಲೆಕ್ಕದಲ್ಲಿ ಅಳಿಸಿ ಬರೆಯುವುದನ್ನು ತಾಳುತ್ತಿತ್ತು. ಸೆಲ್ಲಿಗೆ ಮೂರು ಬಿಟ್ ತುರುಕುವ ಇಂದಿನ ಅಗ್ಗದ ಚಿಪ್ಪುಗಳದ್ದು ಸಾವಿರದ ಲೆಕ್ಕ.

ಇದು ಗೊತ್ತಿದ್ದೇ ಕಾರ್ಡಿನೊಳಗೆ ಒಂದು ಕಂಟ್ರೋಲರ್ ಇಟ್ಟಿರುತ್ತಾರೆ. ಬರಹ ಒಂದೇ ಕಡೆ ಬೀಳದಂತೆ ಅದು ಎಲ್ಲ ಬ್ಲಾಕುಗಳಿಗೂ ಹಂಚುತ್ತದೆ. ಸವೆದ ಬ್ಲಾಕನ್ನು ಬದಿಗಿಟ್ಟು, ಮೊದಲೇ ತೆಗೆದಿರಿಸಿದ ಮೀಸಲು ಬ್ಲಾಕನ್ನು ಅದರ ಜಾಗಕ್ಕೆ ತರುತ್ತದೆ. ಮೀಸಲೂ ಮುಗಿದ ದಿನ, ಅಥವಾ ತನ್ನ ಲೆಕ್ಕಪತ್ರವೇ ಹಾಳಾಗಿದೆ ಎಂದು ಗೊತ್ತಾದ ದಿನ, ಬಹಳಷ್ಟು ಕಾರ್ಡುಗಳು ಬರೆಯುವ ಬಾಗಿಲನ್ನು ಮುಚ್ಚಿಬಿಡುತ್ತವೆ. ಇನ್ನು ಮುಂದೆ ಓದಬಹುದು, ಬರೆಯುವಂತಿಲ್ಲ. ಕೆಲವು ಕಾರ್ಡುಗಳು ಇದನ್ನು ನೇರವಾಗಿ ಹೇಳುತ್ತವೆ. ಅಲ್ಲಿ ಬರುವುದು ‘ರೈಟ್ ಪ್ರೊಟೆಕ್ಟೆಡ್’. ಇನ್ನು ಕೆಲವು ಏನನ್ನೂ ಹೇಳುವುದಿಲ್ಲ. ಕಂಪ್ಯೂಟರ್ ಬರೆ ಎಂದರೆ ಬರೆದೆ ಎಂದು ಉತ್ತರ ಕೊಟ್ಟು ಸುಮ್ಮನಿರುತ್ತವೆ. ಕಂಪ್ಯೂಟರ್ ಅದನ್ನು ನಂಬಿ, ತನ್ನ ನೆನಪಿನಲ್ಲಿರುವ ಖಾಲಿ ಪಟ್ಟಿಯನ್ನೇ ನಮಗೆ ತೋರಿಸುತ್ತದೆ. ಕಾರ್ಡು ತೆಗೆದು ಹಾಕಿದಾಗ ನಿಜವಾದ ಪಟ್ಟಿ ಓದುವುದರಿಂದ ಅಳಿಸಿದ್ದೆಲ್ಲ ಎದ್ದು ಬರುತ್ತದೆ. ವೈರಸ್ಸಿನ ಕೈವಾಡ ಇದರಲ್ಲಿ ಏನೂ ಇಲ್ಲ. ಸಾಯುವ ಮುನ್ನ ಕಾರ್ಡು ನಮಗೆ ಮಾಡುವ ಕೊನೆಯ ಉಪಕಾರ ಇದು: ಇರುವುದನ್ನು ನಕಲು ಮಾಡಿಕೊಳ್ಳಲು ಸಮಯ ಕೊಡುತ್ತದೆ. ಹೊಸದೇನನ್ನೂ ಒಪ್ಪದ ಕಾರ್ಡಿನಲ್ಲಿ ಹಳೆಯದು ಇನ್ನೂ ಓದಲು ಸಿಗುತ್ತಿದ್ದರೆ ಫಾರ್ಮ್ಯಾಟಿನ ಹಠ ಬಿಟ್ಟು ಅವತ್ತೇ ನಕಲು ಮಾಡಿಕೊಳ್ಳಬೇಕು.

ಈ ಸ್ಥಿತಿ ಎಲ್ಲಕ್ಕಿಂತ ಬೇಗ ಬರುವುದು ಸಿಸಿಟಿವಿ ಮತ್ತು ಕಾರಿನ ಡ್ಯಾಶ್‌ಕ್ಯಾಮ್ ಕಾರ್ಡುಗಳಿಗೆ. ಅಡಿಕೆ ಕಣದ ಕಾವಲಿಗೆ ಇಟ್ಟ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆಯುತ್ತದೆ ಎಂದುಕೊಳ್ಳಿ. ದಿನಕ್ಕೆ 21 ಜಿಬಿ ದಾಟಿತು. 32 ಜಿಬಿಯ ಕಾರ್ಡು ಒಂದೂವರೆ ದಿನಕ್ಕೊಮ್ಮೆ ತುಂಬಿ ಅಳಿಸಿಕೊಳ್ಳುತ್ತದೆ, ವರ್ಷಕ್ಕೆ ಸುಮಾರು 250 ಸಲ. ನಾಲ್ಕು ವರ್ಷಕ್ಕೆ ಸಾವಿರ. ಜೊತೆಗೆ ತಗಡಿನ ಸೂರಿನ ಕೆಳಗಿನ ಬಿಸಿಲು ಬೇರೆ. ಇಂಥ ಕೆಲಸಕ್ಕೆಂದೇ ‘ಹೈ ಎಂಡ್ಯೂರೆನ್ಸ್’ ಎಂದು ಬರೆದ ಕಾರ್ಡುಗಳು ಬರುತ್ತವೆ. ಬೆಲೆ ಸ್ವಲ್ಪ ಹೆಚ್ಚು, ಆದರೆ ಕಳ್ಳತನವಾದ ರಾತ್ರಿ ಕಾರ್ಡು ರೀಡ್ ಓನ್ಲಿಯಾಗಿತ್ತು ಎಂದು ಗೊತ್ತಾಗುವುದಕ್ಕಿಂತ ಅಗ್ಗ.

ಹೊಸ ಕಾರ್ಡೇ ಒಲ್ಲೆ ಎಂದರೆ

ತಂದು ವಾರವಾಗಿಲ್ಲ, ಆಗಲೇ ‘ರಾ’ ಆಯಿತು, ಫಾರ್ಮ್ಯಾಟ್ ಮಾಡಿದರೆ ಎರಡು ದಿನ ಸರಿಯಿದ್ದು ಮತ್ತೆ ಅದೇ ರಾಗ ಎಂದರೆ ಕಾರ್ಡು ನಕಲಿ ಇರಬಹುದು. ಒಳಗೆ 8 ಅಥವಾ 16 ಜಿಬಿಯ ಚಿಪ್ಪಿಟ್ಟು, ಕಂಟ್ರೋಲರಿಗೆ 512 ಜಿಬಿ ಎಂದು ಸುಳ್ಳು ಹೇಳಲು ಕಲಿಸಿರುತ್ತಾರೆ. ಕಂಪ್ಯೂಟರ್, ಫೋನ್ ಎಲ್ಲವೂ 512 ಎಂದೇ ತೋರಿಸುತ್ತವೆ. ನಿಜವಾದ ಜಾಗ ಮುಗಿದ ಮೇಲೆ ಬರೆದದ್ದು ಗಾಳಿಗೆ ಹೋಗುತ್ತದೆ, ಇಲ್ಲವೇ ಸುತ್ತಿ ಬಂದು ಮೊದಲಿನದರ ಮೇಲೆಯೇ ಬೀಳುತ್ತದೆ. ಫೈಲ್‌ಗಳ ಪಟ್ಟಿ ಇರುವುದೂ ಮೊದಲಲ್ಲೇ ಆದ್ದರಿಂದ ಅದೂ ಅಳಿಸಿಹೋಗುತ್ತದೆ. ಇದನ್ನು ಹಿಡಿಯಲು ವಿಂಡೋಸಿನಲ್ಲಿ ‘ಎಚ್2ಟೆಸ್ಟ್‌ಡಬ್ಲ್ಯೂ’, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ‘ಎಫ್3’ ಎಂಬ ಉಚಿತ ಸಾಫ್ಟ್‌ವೇರುಗಳಿವೆ. ಕಾರ್ಡನ್ನು ಪೂರ್ತಿ ತುಂಬಿಸಿ, ತಿರುಗಿ ಓದಿ, ಬರೆದದ್ದೇ ಇದೆಯೇ ಎಂದು ತಾಳೆ ನೋಡುತ್ತವೆ. ದೊಡ್ಡ ಕಾರ್ಡಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಕೊಂಡ ದಿನವೇ, ವಾಪಸ್ ಕೊಡುವ ಅವಧಿಯೊಳಗೇ ಮಾಡಿಬಿಡುವುದು ಜಾಣತನ. 64 ಜಿಬಿಯ ಕಾರ್ಡು 59.6 ಎಂದು ತೋರಿಸಿದರೆ ಮಾತ್ರ ಗಾಬರಿ ಬೇಡ. ತಯಾರಕರದು ಸಾವಿರದ ಲೆಕ್ಕ, ವಿಂಡೋಸಿನದು 1024ರ ಲೆಕ್ಕ, ವ್ಯತ್ಯಾಸ ಅಷ್ಟೇ.

ಇಷ್ಟೆಲ್ಲ ಹೇಳಿದ ಮೇಲೆ ತೀರ್ಮಾನ ಚಿಕ್ಕದು. ಬೇಕಾದದ್ದನ್ನು ಮೊದಲು ತೆಗೆದಿಟ್ಟುಕೊಳ್ಳಿ. ಅಡಾಪ್ಟರ್ ಮತ್ತು ರೀಡರ್ ಬದಲಿಸಿ. ಇನ್ನೊಂದು ಕಂಪ್ಯೂಟರಿನಲ್ಲೋ ಫೋನಿನಲ್ಲೋ ನೋಡಿ. ಎಸ್‌ಡಿ ಅಸೋಸಿಯೇಷನ್‌ನ ಫಾರ್ಮ್ಯಾಟರಿಗೆ ಒಂದು ಅವಕಾಶ ಕೊಡಿ. ಇಷ್ಟರಲ್ಲಿ ಆಯಿತೇ, ಕ್ಯಾಮೆರಾಕ್ಕೆ ಹಾಕಿ ಕ್ಯಾಮೆರಾದಲ್ಲೇ ಇನ್ನೊಮ್ಮೆ ಫಾರ್ಮ್ಯಾಟ್ ಮಾಡಿ ಬಳಸಿ. ಆಗಲಿಲ್ಲವೇ, ಕಾರ್ಡಿನ ಕತೆ ಮುಗಿಯಿತು. ಯಾವುದೋ ಉಪಾಯದಿಂದ ಎದ್ದು ಕೂತರೂ ಅದರ ಮೇಲೆ ಮದುವೆಯ ಆರ್ಡರು ಇಟ್ಟುಕೊಳ್ಳಬೇಡಿ. ವಾರಂಟಿ ಇದ್ದರೆ ಬದಲಿ ಕೇಳಬಹುದು, ಆದರೆ ಒಂದು ಮಾತು ನೆನಪಿರಲಿ: ಫಾರ್ಮ್ಯಾಟ್ ಆಗದ ಕಾರ್ಡಿನಿಂದ ಫೋಟೋ ಅಳಿಸಲೂ ಆಗುವುದಿಲ್ಲ, ಓದಲು ಮಾತ್ರ ಆಗುತ್ತದೆ. ನೀವು ಕೊಟ್ಟ ಕಾರ್ಡಿನ ಜೊತೆ ನಿಮ್ಮ ಮನೆಯ ಚಿತ್ರಗಳು, ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ ಎಲ್ಲವೂ ಹೋಗುತ್ತವೆ. ಅಂಥದ್ದೇನಾದರೂ ಇದ್ದರೆ ಕೆಲವು ನೂರು ರೂಪಾಯಿಯ ವಾರಂಟಿಯ ಆಸೆ ಬಿಟ್ಟು, ಕಾರ್ಡನ್ನು ಒಳಗಿನ ಚಿಪ್ಪು ತುಂಡಾಗುವಂತೆ ಕತ್ತರಿಸಿ ಇ-ತ್ಯಾಜ್ಯಕ್ಕೆ ಹಾಕಿ.